ಉಬ್ಬರ ಬಂದರೆ ಚರಂಡಿ ಉಕ್ಕುವುದೇಕೆ?

ಪ್ರಶ್ನೆ: ನಮ್ಮ ಬಡಾವಣೆಯ ಮಳೆನೀರು ಚರಂಡಿ ಸಮುದ್ರ ಸೇರುತ್ತದೆ. ಇಳಿತವಿದ್ದರೆ ಜೋರು ಮಳೆಯೂ ಸರಾಗ ಹರಿಯುತ್ತದೆ, ಉಬ್ಬರದಲ್ಲಿ ನೀರು ರಸ್ತೆಗೇ ಬರುತ್ತದೆ. ಚರಂಡಿ ಅಗಲ ಮಾಡಿದರೆ ಸಾಕೇ?
– ಓದುಗರು, ಕಾರವಾರ

ಉತ್ತರ: ಸಾಲದು. 2 ಹೆಕ್ಟೇರ್ ಜಾಗ, ಗಂಟೆಗೆ 100 ಮಿ.ಮೀ. ಮಳೆ, ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಚರಂಡಿಗೆ ಹರಿದು ಬರುವ ಪಾಲು) 0.8 ಎಂದರೆ 0.8×100×2÷360 (360 ಏಕಮಾನ ಹೊಂದಿಸಲು), ಅಂದರೆ ಸೆಕೆಂಡಿಗೆ ಸುಮಾರು 0.44 ಘನ ಮೀಟರ್. 500ಕ್ಕೆ 1 ಇಳಿಜಾರಿನ, 75 ಸೆಂ.ಮೀ. ಅಗಲದ ಕಾಂಕ್ರೀಟ್ ಚರಂಡಿ 60 ಸೆಂ.ಮೀ. ಆಳಕ್ಕೆ ಹರಿದರೆ ಇಷ್ಟನ್ನು ಒಯ್ಯುತ್ತದೆ. ಚರಂಡಿಯ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದ್ದರೆ ಮಾತ್ರ ಸಮುದ್ರದ ನೀರೇ ಒಳನುಗ್ಗಿ ಈ ಲೆಕ್ಕ ಕೆಟ್ಟಿತು! ಬಾಯಿಗೆ ಹೊರಕ್ಕಷ್ಟೇ ತೆರೆಯುವ ಫ್ಲ್ಯಾಪ್ ಗೇಟ್ ಬೇಕು. ಕಬ್ಬಿಣದ ಕೀಲು ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ. ಒಂದು ಎಳನೀರು ಬುರುಡೆ ಸಿಕ್ಕಿಕೊಂಡರೂ ಗೇಟ್ ಮುಚ್ಚದು, ಹಾಗಾಗಿ ಚರಂಡಿ ನೀರು ಬರುವ ಕಡೆ, ಗೇಟಿಗಿಂತ ಮೊದಲು ಜಾಲರಿ ಹಾಕಿಸಿ. ಗೇಟ್ ಮುಚ್ಚಿದಾಗ ಅರ್ಧ ಗಂಟೆಗೆ ಸುಮಾರು 800 ಘನ ಮೀಟರ್ ನೀರು ನಿಲ್ಲಬೇಕು. ಅದಕ್ಕೆ ಹೊಂಡ ಅಥವಾ ಪಂಪು ಇಲ್ಲದಿದ್ದರೆ ಗೇಟ್ ಅರ್ಧ ಪರಿಹಾರವಷ್ಟೇ.