ಮಗಳ ಕುತ್ತಿಗೆಯ ಗಂಟು ತೆಗೆಯಲು ಮೂಳೆಯನ್ನೂ ಕತ್ತರಿಸಬೇಕಾ?

ಆರು ವರ್ಷದ ಮಗಳಿಗೆ ಕುತ್ತಿಗೆಯ ನಟ್ಟನಡುವೆ ಗಂಟಿದೆ, ಶೀತವಾದಾಗಲೆಲ್ಲ ಊದಿಕೊಂಡು ನೋಯುತ್ತದೆ, ಡಾಕ್ಟರು ಥೈರೊಗ್ಲಾಸಲ್ ಸಿಸ್ಟ್ ಎಂದಿದ್ದಾರೆ, ಗಂಟಿನ ಜೊತೆ ಹಯಾಯ್ಡ್ ಮೂಳೆಯ ತುಂಡನ್ನೂ ತೆಗೆಯಬೇಕಂತೆ ಎಂದು ಬರೆದಿದ್ದೀರಿ. ಗ್ರಹಣದ ದಿನ ತಾಯಿ ಹೊರಗೆ ಹೋಗಿದ್ದೇ ಇದಕ್ಕೆ ಕಾರಣ ಅಂತ ಮನೆಯಲ್ಲಿ ಮಾತು ಬರುತ್ತಿದೆ ಎಂದೂ ಹೇಳಿದ್ದೀರಿ. ನಾನು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುವವಳು, ಸರ್ಜನ್ ಅಲ್ಲ. ಆದರೆ ಮೂಳೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಗರ್ಭದ ನಾಲ್ಕನೇ ವಾರದಲ್ಲಿ, ಅದು ನನ್ನ ಪಾಠದ ವಿಷಯವೇ.

ಆಗ ಭ್ರೂಣ ಕೆಲವೇ ಮಿಲಿಮೀಟರ್ ಉದ್ದ. ಕುತ್ತಿಗೆ ಅನ್ನುವುದೇ ಇನ್ನೂ ಇರುವುದಿಲ್ಲ. ತಲೆ ಬಾಗಿ ಹೃದಯದ ಮೇಲೆಯೇ ಒರಗಿರುತ್ತದೆ. ಗಂಟಲಾಗಬೇಕಾದ ಭಾಗದ ಎರಡೂ ಬದಿಗೆ ಫ್ಯಾರಿಂಜಿಯಲ್ ಆರ್ಚ್ ಎನ್ನುವ ದಿಂಡುಗಳು ಒಂದರ ಕೆಳಗೊಂದು ಮೂಡುತ್ತವೆ. ಮೊದಲನೆಯದರಿಂದ ಕೆಳದವಡೆ, ಎರಡನೆಯ ಮತ್ತು ಮೂರನೆಯದರಿಂದ ಹಯಾಯ್ಡ್ ಮೂಳೆ. ಸುಮಾರು 24ನೇ ದಿನ, ಮುಂದೆ ನಾಲಗೆಯ ಬುಡವಾಗುವ ಜಾಗದಲ್ಲಿ, ಜೀವಕೋಶಗಳ ಒಂದು ಸಣ್ಣ ಗುಂಪು ದಪ್ಪಗಾಗುತ್ತದೆ. ಅದೇ ಥೈರಾಯ್ಡ್. ಅಂದರೆ ಈ ಗ್ರಂಥಿ ಹುಟ್ಟುವುದು ನಾಲಗೆಯಲ್ಲಿ! ಅಲ್ಲಿಂದ ಕುತ್ತಿಗೆಯ ನಡುಗೆರೆ ಹಿಡಿದು ಕೆಳಗಿಳಿದು, ಏಳನೇ ವಾರದ ಹೊತ್ತಿಗೆ ಶ್ವಾಸನಾಳದ ಮುಂದೆ ನೆಲೆ ನಿಲ್ಲುತ್ತದೆ. ಇಳಿಯುವಾಗ ಹಿಂದೆ ಒಂದು ಸಪೂರ ನಾಳ ಬಿಡುತ್ತದೆ. ಸಾಮಾನ್ಯವಾಗಿ ಹತ್ತನೇ ವಾರದೊಳಗೆ ಆ ನಾಳ ಕರಗಿಹೋಗುತ್ತದೆ, ನಾಲಗೆಯ ಹಿಂಭಾಗದಲ್ಲಿ ಒಂದು ಪುಟ್ಟ ಕುಳಿ ಮಾತ್ರ ಗುರುತಾಗಿ ಉಳಿಯುತ್ತದೆ.

ನಾಳ ಪೂರ್ತಿ ಕರಗದಿದ್ದರೆ ಉಳಿದ ಚೂರಿನ ಒಳಪದರ ಲೋಳೆ ಸುರಿಸಿ ಉಬ್ಬಬಹುದು. ನಿಮ್ಮ ಮಗಳ ಗಂಟು ಅದು. ಅವಳಿಗೆ ಬಾಯಿ ತೆರೆದು ನಾಲಗೆ ಚಾಚಲು ಹೇಳಿ, ಕುತ್ತಿಗೆಯನ್ನೇ ನೋಡುತ್ತಿರಿ. ಗಂಟು ಮೇಲಕ್ಕೆ ಸರಿಯುತ್ತದೆ. ನಾಲಗೆಯ ಬುಡಕ್ಕೆ ಅದರ ಕೊಂಡಿ ಇನ್ನೂ ಕಡಿದಿಲ್ಲ ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ.

ಈಗ ಮೂಳೆ. ಗಂಟಲಮಣಿಯ ಮೇಲೆ, ಗದ್ದದ ಕೆಳಗಿನ ಮಡಿಕೆಯಲ್ಲಿ ಹೆಬ್ಬೆರಳು ತೋರುಬೆರಳು ಇಟ್ಟು ಮೆಲ್ಲಗೆ ಹಿಡಿದರೆ ಅತ್ತಿತ್ತ ಜಾರುವ ಗಟ್ಟಿ ವಸ್ತು ಸಿಗುತ್ತದಲ್ಲ, ಅದು ಹಯಾಯ್ಡ್. ನಾಳ ಇದರ ಮುಂದಿನಿಂದ ಇಳಿದು, ಅಡಿಯಲ್ಲಿ ಕೊಕ್ಕೆಯಂತೆ ಸ್ವಲ್ಪ ಹಿಂದಕ್ಕೆ ಹೊರಳಿ, ಮತ್ತೆ ಕೆಳಕ್ಕೆ ಹೋಗಿರುತ್ತದೆ. ಮೂಳೆ ಬೆಳೆಯುವುದೂ ನಾಳ ಇಳಿಯುವುದೂ ಆಸುಪಾಸಿನ ವಾರಗಳಲ್ಲೇ ನಡೆಯುವುದರಿಂದ ಎರಡೂ ಅಂಟಿಕೊಂಡೇ ಇರುತ್ತವೆ. ಸುತ್ತ ಕಣ್ಣಿಗೆ ಕಾಣದ ಕವಲುಗಳೂ ಇರಬಹುದು. ಎಂಥ ಕೈಚಳಕದ ಸರ್ಜನ್‌ಗೂ ಅವನ್ನು ಮೂಳೆಯಿಂದ ಬಿಡಿಸಿ ತೆಗೆಯುವುದು ಆಗದ ಮಾತು. ಗಂಟನ್ನು ಮಾತ್ರ ತೆಗೆದರೆ, ಒರತೆ ಹಾಗೇ ಬಿಟ್ಟು ಗುಂಡಿಯ ನೀರು ಮೊಗೆದ ಹಾಗೆ. ಹಾಗೆ ಮಾಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಗಂಟು ಮರಳಿ ಬರುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವಾಲ್ಟರ್ ಸಿಸ್ಟ್ರಂಕ್ 1920ರಲ್ಲಿ ವಿವರಿಸಿದ ಕ್ರಮದಲ್ಲಿ ಗಂಟು, ಹಯಾಯ್ಡ್‌ನ ನಡುವಿನ ತುಂಡು, ಅಲ್ಲಿಂದ ನಾಲಗೆಯ ಬುಡದವರೆಗಿನ ಸ್ವಲ್ಪ ಮಾಂಸ, ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತಾರೆ. ಆಗ ಮರಳಿ ಬರುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಈ ಮೂಳೆ ಬೇರೆ ಯಾವ ಮೂಳೆಗೂ ಕೀಲಿನಿಂದ ಸೇರಿಲ್ಲ, ಸ್ನಾಯುಗಳ ಆಸರೆಯಲ್ಲಿ ತೂಗಿಕೊಂಡಿದೆ. ಬದಿಗಳು ಉಳಿಯುವುದರಿಂದ ಮಕ್ಕಳು ಮೊದಲಿನಂತೆಯೇ ನುಂಗುತ್ತಾರೆ, ಮಾತಾಡುತ್ತಾರೆ. "ಮೂಳೆ ಬಿಟ್ಟುಬಿಡಿ" ಎಂದು ದಯವಿಟ್ಟು ಡಾಕ್ಟರಿಗೆ ಒತ್ತಾಯ ಮಾಡಬೇಡಿ.

ಗ್ರಹಣದ ಮಾತು ಮನೆಯಲ್ಲಿ ಇವತ್ತೇ ನಿಲ್ಲಲಿ. ಥೈರಾಯ್ಡ್ ಮೂಡುವಾಗ ತಾಯಿಗೆ ಮುಟ್ಟು ತಪ್ಪಿ ಹತ್ತು ದಿನ ಆಗಿರುತ್ತದೆ ಅಷ್ಟೇ. ನೂರಕ್ಕೆ ಸುಮಾರು ಏಳು ಜನ ಈ ನಾಳದ ಚೂರನ್ನು ತಮಗೇ ಗೊತ್ತಿಲ್ಲದೆ ಬದುಕಿಡೀ ಹೊತ್ತಿರುತ್ತಾರೆ. ನಿಮ್ಮ ಹೆಂಡತಿ ಏನೂ ತಪ್ಪು ಮಾಡಿಲ್ಲ.

ಲೇಪ ಹಚ್ಚಿ ಗಂಟನ್ನು ಒಡೆಸಲು ಹೋಗಬೇಡಿ. ಕೀವಾಗಿ ಚರ್ಮ ಒಡೆದರೆ ಸದಾ ಒಸರುವ ತೂತಾಗುತ್ತದೆ, ಆಪರೇಷನ್ನೂ ಕಷ್ಟವಾಗುತ್ತದೆ. ಈಗ ಕೆಂಪಾಗಿ ಊದಿದ್ದರೆ ಮೊದಲು ಆ್ಯಂಟಿಬಯಾಟಿಕ್‌ನಿಂದ ಸೋಂಕು ಇಳಿಸಿ, ಆಮೇಲೆ ಆಪರೇಷನ್ ದಿನ ಇಡುತ್ತಾರೆ.

ಅದಕ್ಕೂ ಮೊದಲು ಕುತ್ತಿಗೆಯ ಅಲ್ಟ್ರಾಸೌಂಡ್ ರಿಪೋರ್ಟ್ ತೆಗೆದು, ಥೈರಾಯ್ಡ್ ತನ್ನ ಜಾಗದಲ್ಲಿ ಇದೆ ಎಂದು ಬರೆದಿದೆಯಾ ನೋಡಿ. ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಗ್ರಂಥಿಯೇ ಅರ್ಧ ದಾರಿಯಲ್ಲಿ ನಿಂತು ಗಂಟಿನಂತೆ ಕಾಣುತ್ತದೆ. ಅದನ್ನು ತೆಗೆದರೆ ದೇಹದಲ್ಲಿ ಬೇರೆ ಥೈರಾಯ್ಡೇ ಇರುವುದಿಲ್ಲ, ಜೀವನಪೂರ್ತಿ ಮಾತ್ರೆ ಬೇಕಾಗುತ್ತದೆ. ರಿಪೋರ್ಟಿನಲ್ಲಿ ಆ ಸಾಲು ಇಲ್ಲದಿದ್ದರೆ ಸಂಕೋಚಪಡದೆ ಸರ್ಜನ್‌ರನ್ನೇ ಕೇಳಿ.