ಓದುಗರ ಪ್ರಶ್ನೆ: ನವಿಲು ಸಾಕುವಂತಿಲ್ಲದ ಬೀದಿ

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದೆ. ಥೇಮ್ಸ್ ದಂಡೆಯಲ್ಲಿರುವ ಬಸವಣ್ಣನವರ ಪ್ರತಿಮೆ ನೋಡಿದ ಮೇಲೆ ಅಳಿಯಂದಿರು ನದಿಯ ಆಚೆ ದಡದ ಚೆಲ್ಸಿಗೆ ಕರೆದುಕೊಂಡು ಹೋದರು. ಅಲ್ಲಿ ಚೇನಿ ವಾಕ್ ಎಂಬ ಬೀದಿಯಲ್ಲಿ ಅಲ್ಲಲ್ಲಿ ಹೆಸರಾಂತರ ಫಲಕಗಳು. ಒಂದೇ ಬೀದಿಗೆ ಇಷ್ಟೊಂದು ದೊಡ್ಡವರು ಬಂದು ಸೇರಿದ್ದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಾಡಿಗೆ ಕಡಿಮೆ ಇತ್ತು. ಇಷ್ಟಕ್ಕೇ ನಿಲ್ಲಿಸಿದರೆ ಸಂಪಾದಕರು ಸುಮ್ಮನಿರುವುದಿಲ್ಲ, ಹಾಗಾಗಿ ಮುಂದಕ್ಕೆ ಓದಿ.

ಮನೆಗಳಿಗೂ ನದಿಗೂ ನಡುವೆ ನೀವು ಕಂಡ ಆ ಗಿಜಿಗುಡುವ ರಸ್ತೆ 1874ರ ಈಚಿನದು. ಬ್ಯಾಜಲ್ಜೆಟ್ ಎಂಬ ಎಂಜಿನಿಯರ್ ಕಲ್ಲಿನ ದಂಡೆ ಕಟ್ಟಿಸಿ, ಅದರಡಿ ಒಳಚರಂಡಿ ಹಾಯಿಸುವ ತನಕ ಇಲ್ಲಿ ಕೆಸರು, ಗಬ್ಬುನಾತ, ಥಂಡಿ. ಆಗ ಚೆಲ್ಸಿ ಊರಾಚೆಯ ಜಾಗ. ಲೇಖಕ ಥಾಮಸ್ ಕಾರ್ಲೈಲ್ 1834ರಲ್ಲಿ ಪಕ್ಕದ ಚೇನಿ ರೋ ಬೀದಿಯಲ್ಲಿ ಮನೆ ಹಿಡಿದಾಗ ವರ್ಷದ ಬಾಡಿಗೆ 35 ಪೌಂಡ್. 1881ರಲ್ಲಿ ತೀರಿಕೊಳ್ಳುವವರೆಗೂ ಅದೇ ಮನೆಯಲ್ಲಿದ್ದರು. ನೆಮ್ಮದಿಯಾಗಿ ಇದ್ದರು ಅಂತ ಮಾತ್ರ ಹೇಳಲಾರೆ. ಪಕ್ಕದ ಮನೆಯ ಹುಂಜ, ಪಿಯಾನೋ ಎರಡೂ ಸೇರಿ ತಲೆ ಕೆಡಿಸಿದ್ದವು. 1853ರಲ್ಲಿ ಮಹಡಿಯ ಮೇಲೆ ಸದ್ದು ನುಗ್ಗದ ಕೋಣೆಯೊಂದನ್ನು ಕಟ್ಟಿಸಿದರು. ಕಟ್ಟಿ ಮುಗಿದ ಮೇಲೆ ನೋಡಿದರೆ ಇಡೀ ಮನೆಯಲ್ಲಿ ಸದ್ದು ಹೆಚ್ಚು ಕೇಳುವುದು ಅಲ್ಲೇ! ಪಕ್ಕದ ಮನೆ ಮಿಕ್ಸಿಯ ಅಬ್ಬರದಲ್ಲಿ ಈ ಅಂಕಣ ಬರೆಯುತ್ತಿರುವ ನನಗೆ ಪಾಪ ಎನಿಸುತ್ತದೆ.

ನೆರೆಹೊರೆಯವರನ್ನು ಗೋಳು ಹೊಯ್ದುಕೊಳ್ಳುವುದರಲ್ಲಿ ಚಿತ್ರಕಾರ, ಕವಿ ರೊಸೆಟ್ಟಿಯನ್ನು ಮೀರಿಸಿದವರಿಲ್ಲ. ಹೆಂಡತಿ ತೀರಿಹೋದ ವರ್ಷವೇ, 1862ರಲ್ಲಿ, ಈತ ಚೇನಿ ವಾಕ್ ಬೀದಿಯ 16ನೇ ನಂಬರಿಗೆ ಬಂದ. ಹಿತ್ತಲಲ್ಲಿ ಕಾಂಗರೂ, ಆರ್ಮಡಿಲೋ, ನವಿಲು ಎಲ್ಲ ಸಾಕಿದ. ಆಸ್ಟ್ರೇಲಿಯಾದ ವೊಂಬ್ಯಾಟ್ ಎಂಬ ಗುಜ್ಜಾರಿ ಪ್ರಾಣಿಯ ಮೇಲಂತೂ ಪ್ರಾಣ. ಹಿಣಿಲಿದ್ದ, ನಮ್ಮ ಕಡೆಯ ಜಾತಿಯ ಪುಟ್ಟ ಗೂಳಿಯೊಂದನ್ನೂ ತಂದಿದ್ದ. ಅದು ಒಂದು ದಿನ ಹಗ್ಗ ಕಿತ್ತುಕೊಂಡು ಯಜಮಾನನನ್ನೇ ಹಿತ್ತಲೆಲ್ಲ ಅಟ್ಟಾಡಿಸಿತಂತೆ. ಗೂಳಿಯನ್ನಾದರೂ ಅಕ್ಕಪಕ್ಕದವರು ಸಹಿಸಿಕೊಂಡರೇನೋ, ನವಿಲಿನ ಕೂಗನ್ನು ಸಹಿಸಲಿಲ್ಲ. ಕೊನೆಗೆ ಆ ನೆಲದ ಒಡೆಯರಾದ ಕ್ಯಾಡೊಗನ್ ಮನೆತನದವರು ಗುತ್ತಿಗೆ ಪತ್ರದಲ್ಲೇ 'ನವಿಲು ಸಾಕಕೂಡದು' ಎಂದು ಷರತ್ತು ಸೇರಿಸಿದರು.

ಚಿತ್ರಕಾರ ಟರ್ನರ್ ಮಾತ್ರ ಯಾರಿಗೂ ಗೊತ್ತಾಗದ ಹಾಗೆ ಇದ್ದು ಹೋದರು. ಊರೊಳಗೆ ಸ್ವಂತ ಮನೆ, ಗ್ಯಾಲರಿ ಇಟ್ಟುಕೊಂಡೂ, ಈಗ 119 ಎಂಬ ನಂಬರಿರುವ ಪುಟ್ಟ ಮನೆಯಲ್ಲಿ ಸೋಫಿಯಾ ಬೂತ್ ಎಂಬ ವಿಧವೆಯ ಜತೆ 'ಮಿಸ್ಟರ್ ಬೂತ್' ಎಂಬ ಹೆಸರಲ್ಲಿ ಸಂಸಾರ. ಬೀದಿಯ ಜನ ಯಾರೋ ನಿವೃತ್ತ ನೌಕಾಧಿಕಾರಿ ಅಂದುಕೊಂಡು 'ಅಡ್ಮಿರಲ್' ಎನ್ನುತ್ತಿದ್ದರು. 1851ರ ಡಿಸೆಂಬರಿನಲ್ಲಿ ಕೊನೆಯುಸಿರೆಳೆದದ್ದೂ ಅಲ್ಲೇ. ಅದಕ್ಕೆ ಸ್ವಲ್ಪ ಮೊದಲು ಹಳೆಯ ಮನೆಕೆಲಸದಾಕೆ ಕೋಟಿನ ಜೇಬಿನಲ್ಲಿ ಸಿಕ್ಕ ಕಾಗದ ಹಿಡಿದು ಇವರನ್ನು ಹುಡುಕಿಕೊಂಡು ಬಂದಿದ್ದಳಂತೆ.

ಹಾಗೆ ನೋಡಿದರೆ ಕಾದಂಬರಿಕಾರ್ತಿ ಜಾರ್ಜ್ ಎಲಿಯಟ್ ಹೆಸರಿನ ಫಲಕ ನನಗೆ ಅಷ್ಟು ಒಪ್ಪಿಗೆಯಿಲ್ಲ. ಆಕೆ 4ನೇ ನಂಬರಿಗೆ ಬಂದದ್ದು 1880ರ ಡಿಸೆಂಬರ್ 3ಕ್ಕೆ, ತೀರಿಕೊಂಡದ್ದು 22ಕ್ಕೆ. ಪುಸ್ತಕದ ಗಂಟು ಬಿಚ್ಚಿ ಜೋಡಿಸುವಷ್ಟೂ ವ್ಯವಧಾನ ಸಿಗಲಿಲ್ಲವೇನೋ.

ಪ್ರಶ್ನೆ: ರಾಕ್ ಸಂಗೀತ ತಂಡ ರೋಲಿಂಗ್ ಸ್ಟೋನ್ಸ್‌ನ ಮಿಕ್ ಜಾಗರ್ ಕೂಡ ಅದೇ ಬೀದಿಯಲ್ಲಿದ್ದರೆಂದು ಅಳಿಯಂದಿರು ಹೇಳಿದರು. ಅವರ ಹೆಸರಿನ ನೀಲಿ ಫಲಕ ಏಕಿಲ್ಲ?
– ಅದೇ ಓದುಗರು

ಉತ್ತರ: ಇದ್ದದ್ದು ನಿಜ, 48ನೇ ನಂಬರಿನಲ್ಲಿ. ಜೊತೆಗಾರ ಕೀತ್ ರಿಚರ್ಡ್ಸ್ 3ನೇ ನಂಬರಿನಲ್ಲಿ. ಆದರೆ ಲಂಡನ್ನಿನಲ್ಲಿ ಈ ಫಲಕ ಹಾಕಿಸುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ನಿಯಮದ ಪ್ರಕಾರ ವ್ಯಕ್ತಿ ತೀರಿಕೊಂಡು 20 ವರ್ಷ ಕಳೆದಿರಬೇಕು. ಇವರಿಬ್ಬರೂ 1943ರಲ್ಲಿ ಹುಟ್ಟಿದವರು, ಎಂಬತ್ತು ದಾಟಿದರೂ ಹಾಡು ನಿಲ್ಲಿಸಿಲ್ಲ. ಅವಸರ ಬೇಡ ಅಂತ ಅಳಿಯಂದಿರಿಗೆ ಹೇಳಿ.