ಪ್ರತಿಕ್ರಿಯೆ: ಭೂಮಧ್ಯರೇಖೆ ದಾಟುವ ಆಚರಣೆ ಸಂಪ್ರದಾಯವೋ, ರ್‍ಯಾಗಿಂಗೋ?

ನಿಮ್ಮ ಅಣ್ಣನ ಮಗ ಇರುವ ಅಮೆರಿಕದ ನೌಕಾಪಡೆಯ ಹಡಗು ಭೂಮಧ್ಯರೇಖೆ ದಾಟಲಿದೆ, ಅಲ್ಲಿ ಹೊಸಬರಿಗೆ ಏನೋ ಮಾಡುತ್ತಾರಂತೆ, ಹೆದರಬೇಕಾ ಎಂದು ಕೇಳಿದ್ದೀರಿ. ಆಚರಣೆ ಹಳೆಯದು. 1832ರಲ್ಲಿ ಬೀಗಲ್ ಹಡಗಿನಲ್ಲಿ ಡಾರ್ವಿನ್ನನ ಮುಖಕ್ಕೂ ಡಾಂಬರು, ಬಣ್ಣ ಮೆತ್ತಿ, ಕಬ್ಬಿಣದ ಪಟ್ಟಿಯಿಂದ ಕೆರೆದು ನೀರಿಗೆ ಕೆಡವಿದ್ದರು. ಕಳೆದ ಶತಮಾನದಲ್ಲಿ ಬೆಂಕಿ ಆರಿಸುವ ಪೈಪಿನ ತುಂಡುಗಳಿಂದ ಹೊಡೆಯುವುದೂ ಇತ್ತು. ಈಗ ಸಮುದ್ರದೇವತೆ ನೆಪ್ಚೂನ್ ರಾಜನ ವೇಷ, ದರ್ಬಾರು, ನೀರೆರಚಾಟ, ಕೊನೆಗೊಂದು ಪ್ರಮಾಣಪತ್ರ. ಇಷ್ಟೇ ಆದರೆ ಹೆದರಬೇಡಿ, ಅವನು ಖುಷಿಯಾಗಿ ಭಾಗವಹಿಸಲಿ.

ಆದರೆ 'ನಾವೂ ಅನುಭವಿಸಿದ್ದೇವೆ, ನೀನೂ ಅನುಭವಿಸು' ಎನ್ನುವ ಮಾತು ಬಂತೆಂದರೆ ಎಚ್ಚರ. ಅಮೆರಿಕದ ಮರೀನ್ ಪಡೆಯಲ್ಲಿ (ಸಮುದ್ರದಿಂದ ದಡಕ್ಕಿಳಿದು ಕಾದಾಡುವ ಸೈನಿಕರ ಪಡೆ) ಪ್ಯಾರಾಶೂಟ್ ತರಬೇತಿ ಮುಗಿಸಿದವರಿಗೆ ಲೋಹದ ರೆಕ್ಕೆಯ ಬ್ಯಾಡ್ಜ್ ಸಿಗುತ್ತದೆ. ಅದರ ಹಿಂದಿನ ಎರಡು ಮೊಳೆಗಳನ್ನು ಹಿರಿಯರು ಹುಡುಗರ ಎದೆಗೇ ಗುದ್ದಿ ಇಳಿಸುತ್ತಿದ್ದರು. ರಕ್ತ ಸೋರಿ, ಹುಡುಗರು ನೋವಿನಿಂದ ಚೀರುವ ವಿಡಿಯೋ 1997ರಲ್ಲಿ ಟಿವಿಯಲ್ಲಿ ಬಂದಾಗ ದೇಶವೇ ಬೆಚ್ಚಿತು. ಬ್ಯಾಡ್ಜ್ ಕೊಡುವುದು ಸಂಪ್ರದಾಯ, ಎದೆಗೆ ಚುಚ್ಚುವುದು ಶುದ್ಧ ಕ್ರೌರ್ಯ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

'ಅವನೇ ಒಪ್ಪಿದ್ದ' ಎಂಬ ಸಬೂಬೂ ನಡೆಯದು. ಒಪ್ಪಿಗೆ ಇದ್ದರೂ ತಪ್ಪು ತಪ್ಪೇ ಎಂದು ಅಲ್ಲಿನ ನೌಕಾಪಡೆಯ ನಿಯಮವೇ ಹೇಳುತ್ತದೆ. ಹೊಸದಾಗಿ ಸೇರಿದ ಹುಡುಗ ಹಿರಿಯರೆದುರು 'ಬೇಡ' ಎನ್ನಲು ಎಷ್ಟು ಅಂಜುತ್ತಾನೆ, ಯೋಚಿಸಿ.

ಹಾಗಾಗಿ ಅವನನ್ನು ನೇರವಾಗಿ ಕೇಳಿ: ಕಾರ್ಯಕ್ರಮಕ್ಕೆ ಕಮಾಂಡರ್ ಅನುಮತಿ ಇದೆಯಾ? ಬೇಡವೆಂದವರನ್ನು ಬಿಡುತ್ತಾರಾ? ಅಧಿಕಾರಿಗಳ ಕಣ್ಣೆದುರೇ ನಡೆಯುತ್ತದಾ? ಮೇಲಧಿಕಾರಿಗೆ ಹೇಳಲು ಅಂಜಿದರೆ ಪಡೆಯ ಧರ್ಮಗುರುಗಳಿಗೆ ಹೇಳಲಿ. ಅವರು ಯಾವ ಧರ್ಮದವರಾದರೂ ಸರಿ, ಆ ಮಾತನ್ನು ಗುಟ್ಟಾಗಿಡುವುದು ಅವರ ಕರ್ತವ್ಯ.